ಸತ್ತವರ ಹೆಸರು ಮರೆಯದ ಊರು: ಈಮ್ ವಸ್ತುಸಂಗ್ರಹಾಲಯದ ಮೂರು ದಶಕ

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಗುಡ್ಡಗಾಡಿನಲ್ಲಿ ಈಮ್ ಎಂಬ ಹಳ್ಳಿಯಿದೆ. ಅಲ್ಲಿನ ಹಾಕ್‌ಹಿಲ್ ರಸ್ತೆಯಲ್ಲಿ, ಹಿಂದೆ ಮೆಥಡಿಸ್ಟ್ ಪಂಥದವರ ಪ್ರಾರ್ಥನಾ ಮಂದಿರವಾಗಿದ್ದ ಕಟ್ಟಡದ ನೆತ್ತಿಯ ಮೇಲೆ ಗಾಳಿಯ ದಿಕ್ಕು ತೋರುವ ಲೋಹದ ಸೂಚಿ ನಿಂತಿದೆ. ಆ ದೇಶದ ಚರ್ಚುಗಳ ಮೇಲೆ ಇಂಥ ಕಡೆ ಸಾಮಾನ್ಯವಾಗಿ ಕಾಣುವುದು ಹುಂಜ. ಇಲ್ಲಿರುವುದು ಇಲಿ.

1994ರಲ್ಲಿ ಈ ಕಟ್ಟಡ ಈಮ್ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಈಗ ಮೂರು ದಶಕ ದಾಟಿದೆ. ಇದನ್ನು ನಡೆಸುವುದು ಒಂದು ಧರ್ಮಾರ್ಥ ಸಂಸ್ಥೆ. ದಿನನಿತ್ಯದ ಕೆಲಸ ಹೊತ್ತಿರುವವರು ಸ್ವಯಂಸೇವಕರು. ಟಿಕೆಟ್ ಹರಿದು ಕೊಡುವುದು, ಶಾಲಾ ಮಕ್ಕಳಿಗೆ ವಿವರಿಸುವುದು, ಪುಸ್ತಕದ ಮಳಿಗೆ ನೋಡಿಕೊಳ್ಳುವುದು, ಬಂದ ವಸ್ತುವಿಗೆ ನಂಬರು ಹಾಕಿ ದಾಖಲಿಸುವುದು ಎಲ್ಲವೂ ಅವರ ಪಾಲಿಗೆ ಸೇರಿದ್ದು. ಚಳಿಗಾಲದಲ್ಲಿ ಬಾಗಿಲು ಮುಚ್ಚುತ್ತದೆ, ವಸಂತದಲ್ಲಿ ಮತ್ತೆ ತೆರೆಯುತ್ತದೆ. ಒಂದು ಹಳ್ಳಿ ತನ್ನ ಕೈಯಿಂದಲೇ ತನ್ನ ಚರಿತ್ರೆಯನ್ನು ಕಾಪಾಡಿಕೊಂಡ ಬಗೆಯನ್ನು ತಿಳಿಯಬೇಕೆನ್ನುವವರು ನೋಡಬೇಕಾದ ಸಂಸ್ಥೆ ಇದು.

ಒದ್ದೆ ಬಟ್ಟೆಯ ಗಂಟು

ಇಲಿ ಆ ಕಟ್ಟಡದ ಮೇಲೇರಿದ ಕಾರಣ ತಿಳಿಯಬೇಕಾದರೆ 1665ಕ್ಕೆ ಹೋಗಬೇಕು. ಆ ವರ್ಷ ಲಂಡನ್ ನಗರ ಪ್ಲೇಗಿನಿಂದ ತತ್ತರಿಸಿತ್ತು. ಬೇಸಿಗೆಯ ಕೊನೆಯಲ್ಲಿ ಲಂಡನ್ನಿನಿಂದ ಈಮ್‌ನ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಗಂಟೊಂದು ಬಂತು. ಬಟ್ಟೆ ಒದ್ದೆಯಾಗಿತ್ತು. ಆ ಮನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಒಣಗಲು ಹರವಿದ ಎಂಬುದು ಊರಿನ ನೆನಪು. ಸೆಪ್ಟೆಂಬರ್ 7ರಂದು ಅವನನ್ನು ಮಣ್ಣು ಮಾಡಿದರು. ಬೆನ್ನಿಗೇ ಅದೇ ಮನೆಯ ಹುಡುಗರು ಎಡ್ವರ್ಡ್ ಮತ್ತು ಜೊನಾಥನ್ ಕೂಪರ್ ಹೋದರು. ಅವರ ತಾಯಿ ಮೇರಿ ಬದುಕಿ ಉಳಿದಳು, ತನ್ನವರನ್ನೆಲ್ಲ ಒಬ್ಬೊಬ್ಬರಾಗಿ ಕಳೆದುಕೊಂಡು.

ಚಳಿಗಾಲದಲ್ಲಿ ಸಾವು ತಗ್ಗಿತು. ಜನ ನಿಟ್ಟುಸಿರು ಬಿಡುವಷ್ಟರಲ್ಲಿ 1666ರ ಬೇಸಿಗೆ ಬಂತು. ರೋಗ ಮತ್ತೆ ಹೆಡೆ ಎತ್ತಿತು. ಆಗ ಊರಿನ ಪಾದ್ರಿ ವಿಲಿಯಂ ಮಾಂಪೆಸನ್. ಅವನಿಗೆ 28 ವರ್ಷ, ಊರಿಗೆ ಹೊಸಬ, ಜನಕ್ಕೆ ಅವನ ಮೇಲೆ ಅಷ್ಟಾಗಿ ವಿಶ್ವಾಸವಿರಲಿಲ್ಲ. ಅವನಿಗಿಂತ ಹಿಂದೆ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ರಾಜಪ್ರಭುತ್ವದ ಹೊಸ ಧಾರ್ಮಿಕ ನಿಯಮಕ್ಕೆ ತಲೆಬಾಗದೆ ಹುದ್ದೆ ಕಳೆದುಕೊಂಡಿದ್ದ. ಊರಿನ ಬಹುಪಾಲು ಜನರ ಮನಸ್ಸು ಅವನ ಕಡೆಗಿತ್ತು. ಪಂಥಭೇದ ಬದಿಗಿಟ್ಟು ಇಬ್ಬರೂ ಜೊತೆಯಾದರು. ಮೂರು ನಿರ್ಧಾರಗಳನ್ನು ಊರಿನ ಮುಂದಿಟ್ಟರು. ಸತ್ತವರನ್ನು ಚರ್ಚಿನ ಅಂಗಳಕ್ಕೆ ತರದೆ ಮನೆಯವರೇ ತಮ್ಮ ಹಿತ್ತಿಲಲ್ಲೋ ಹೊಲದಲ್ಲೋ ಹೂಳಬೇಕು. ಚರ್ಚಿಗೆ ಬೀಗ ಹಾಕಿ ಕಕ್‌ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಯಲ್ಲಿ ದೂರ ದೂರ ನಿಂತು ಪ್ರಾರ್ಥಿಸಬೇಕು. ಊರಿನ ಗಡಿ ದಾಟಿ ಯಾರೂ ಹೊರಗೆ ಹೋಗಬಾರದು, ಹೊರಗಿನವರು ಒಳಗೆ ಬರಬಾರದು.

ಹತ್ತಿರದ ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರ್ ಅರ್ಲ್ ಆಹಾರ ಕಳಿಸಿದ. ನೆರೆಯ ಸ್ಟೋನಿ ಮಿಡಲ್‌ಟನ್ ಊರಿನ ದಾರಿಯಲ್ಲಿ ಇಂದಿಗೂ ಒಂದು ಗಡಿಕಲ್ಲು ಇದೆ, ಮೈಮೇಲೆ ಕೊರೆದ ಗುಳಿಗಳಿವೆ. ಆ ಗುಳಿಗಳಿಗೆ ವಿನೆಗರ್ ಸುರಿದು ಈಮ್‌ನವರು ನಾಣ್ಯ ಇಡುತ್ತಿದ್ದರು. ಆಚೆಯವರು ದಿನಸಿ ಇಟ್ಟು ನಾಣ್ಯ ಒಯ್ಯುತ್ತಿದ್ದರು. ಊರಿನ ಬಡಗಣ ದಿಕ್ಕಿನ ಗುಡ್ಡದಲ್ಲಿ ಮಾಂಪೆಸನ್ ಹೆಸರಿನ ಊಟೆಯೊಂದಿದೆ. ಅಲ್ಲಿಯೂ ಇದೇ ವ್ಯವಹಾರ ನಡೆಯಿತು.

ಆಗಸ್ಟ್ ಒಂದೇ ತಿಂಗಳಲ್ಲಿ 78 ಜನ ಸತ್ತರು. ಊರಾಚೆಯ ರೈಲಿ ಹೊಲದಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಹೆಂಗಸು 3ನೇ ತಾರೀಕಿನಿಂದ 10ರವರೆಗಿನ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಹೆಣ ಹೊರಲು ಯಾರೂ ಇರಲಿಲ್ಲ. ಗುಂಡಿ ತೋಡಿದವಳೂ ಅವಳೇ, ಎಳೆದು ತಂದವಳೂ ಅವಳೇ. ಪಾದ್ರಿಯ ಹೆಂಡತಿ ಕ್ಯಾಥರಿನ್ ಊರು ಬಿಡಲು ಒಪ್ಪದೆ ರೋಗಿಗಳ ಶುಶ್ರೂಷೆಗೆ ನಿಂತಿದ್ದಳು; ಆಗಸ್ಟ್ 25ರಂದು ಅವಳೂ ತೀರಿಕೊಂಡಳು. ನವೆಂಬರ್ 1ರಂದು ಸತ್ತ ಏಬ್ರಹಾಂ ಮಾರ್ಟನ್ ಕೊನೆಯವನು. ಊರು ತಲೆಮಾರುಗಳಿಂದ ಹೇಳಿಕೊಂಡು ಬಂದ ಲೆಕ್ಕದಂತೆ 14 ತಿಂಗಳಲ್ಲಿ 76 ಕುಟುಂಬಗಳ 260 ಜನ.

ಕೈಯಿಂದ ಕೈಗೆ ಬಂದ ದಾಖಲೆ

ಇಷ್ಟು ವಿವರ ಮೂರೂವರೆ ಶತಮಾನ ಉಳಿದದ್ದೇ ಈ ಸಂಸ್ಥೆಯ ನಿಜವಾದ ಆರಂಭ. ಲಂಡನ್ನಿನ ಪ್ಲೇಗಿನಲ್ಲಿ ಸತ್ತವರನ್ನು ವಾರದ ಪಟ್ಟಿಗಳು ಸಂಖ್ಯೆಗಳಾಗಿ ಎಣಿಸಿದವು. ಈಮ್‌ನಲ್ಲಿ ಚರ್ಚಿನ ಪುಸ್ತಕ ಒಬ್ಬೊಬ್ಬರ ಹೆಸರು, ತಾರೀಕುಗಳನ್ನು ಬರೆದಿಟ್ಟಿತು. ಇಂದು ಉಳಿದಿರುವುದು ಮೂಲ ಪುಸ್ತಕವಲ್ಲ, 18ನೇ ಶತಮಾನದ ಆರಂಭದಲ್ಲಿ ತೆಗೆದ ನಕಲು. ಹಳೆಯದು ಹಾಳಾಗುವ ಮುಂಚೆ ಕೂತು ಪ್ರತಿ ಮಾಡಿದ ಆ ಕೈಗೆ ಈಮ್‌ನ ಚರಿತ್ರೆ ಋಣಿ. ವಸ್ತುಸಂಗ್ರಹಾಲಯ ಎಂಬ ಮಾತು ಊರಿಗೆ ಬರುವ ಸುಮಾರು ಮೂರು ಶತಮಾನ ಮೊದಲೇ ಅದರ ಕೆಲಸ ಹೀಗೆ ಶುರುವಾಗಿತ್ತು.

ಆಮೇಲೆ ಒಬ್ಬರಾದ ಮೇಲೊಬ್ಬರು ಕೈಜೋಡಿಸಿದರು. 1742ರಲ್ಲಿ ಇದೇ ಊರಿನಲ್ಲಿ, ಪಾದ್ರಿಯ ಮಗಳಾಗಿ ಹುಟ್ಟಿದ ಕವಯಿತ್ರಿ ಆನಾ ಸೀವರ್ಡ್ ಪ್ಲೇಗಿನ ಕಥೆಯನ್ನು ಓದುಗರ ಲೋಕಕ್ಕೆ ಮುಟ್ಟಿಸಿದರು. 1842ರಲ್ಲಿ ಊರಿನವರೇ ಆದ ವಿಲಿಯಂ ವುಡ್ ಈಮ್‌ನ ಇತಿಹಾಸ ಮತ್ತು ಪುರಾತನ ಅವಶೇಷಗಳ ಬಗ್ಗೆ ಪುಸ್ತಕ ಬರೆದರು. ಹಿರಿಯರ ಬಾಯಲ್ಲಿದ್ದ ಎಷ್ಟೋ ಕಥೆಗಳು ಹಾಗೆ ಅಚ್ಚಿಗೆ ಬಂದವು. 1866ರಲ್ಲಿ, ಪ್ಲೇಗಿಗೆ ಇನ್ನೂರು ವರ್ಷ ತುಂಬಿದಾಗ, ಊರು ಸ್ಮರಣೆಯ ಆಚರಣೆ ನಡೆಸಿತು. ಇಂದಿಗೂ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಜನ ಕಕ್‌ಲೆಟ್ ಡೆಲ್ಫ್‌ನ ಅದೇ ಬಯಲಿನಲ್ಲಿ ಸೇರುತ್ತಾರೆ. ಅದಕ್ಕೆ ಪ್ಲೇಗ್ ಭಾನುವಾರ ಎಂದೇ ಹೆಸರು.

20ನೇ ಶತಮಾನದಲ್ಲಿ ಈ ಸರಪಳಿಯ ಮುಖ್ಯ ಕೊಂಡಿ ಕ್ಲಾರೆನ್ಸ್ ಡೇನಿಯಲ್. ಈಮ್‌ನವರೇ ಆದ ಇವರು ಊರಿಗೆ ಸಂಬಂಧಪಟ್ಟದ್ದೆಲ್ಲವನ್ನೂ ಕೂಡಿಡುತ್ತ ಬಂದರು. ಕಲ್ಲು, ಖನಿಜ, ಪಳೆಯುಳಿಕೆ, ಹಳೆಯ ಕಾಗದ, ಮನೆಬಳಕೆಯ ಸಾಮಾನು, ಹೀಗೆ ಸಂಗ್ರಹ ಬೆಳೆಯಿತು. ತಮ್ಮ ಮನೆಯಲ್ಲೇ ಚಿಕ್ಕ ಪ್ರದರ್ಶನ ಜೋಡಿಸಿ ಬಂದವರಿಗೆ ತೋರಿಸುತ್ತಿದ್ದರು. ಊರಿನ ಬಗ್ಗೆ ಪುಸ್ತಕಗಳನ್ನೂ ಬರೆದರು. 1987ರಲ್ಲಿ ಅವರು ತೀರಿಕೊಂಡರು.

ಮನೆಯ ಯಜಮಾನ ಹೋದ ಮೇಲೆ ಇಂಥ ಸಂಗ್ರಹಗಳ ಗತಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಅಟ್ಟ ಸೇರುತ್ತವೆ, ಗುಜರಿಗೆ ಹೋಗುತ್ತವೆ, ಬೆಲೆ ಬಾಳುವ ನಾಲ್ಕು ವಸ್ತು ದೂರದ ನಗರದ ಅಂಗಡಿಯಲ್ಲಿ ಕಾಣಿಸಿಕೊಳ್ಳುತ್ತವೆ. ಈಮ್‌ನಲ್ಲಿ ಹಾಗಾಗಲಿಲ್ಲ. ಸಂಗ್ರಹ ಊರಿನ ಪಾಲಾಯಿತು. ಅದಕ್ಕೊಂದು ನೆಲೆ ಬೇಕೆಂದು ಊರಿನ ಆಸಕ್ತರು ಒಟ್ಟುಗೂಡಿದರು, ಬಳಕೆ ತಪ್ಪಿದ ಪ್ರಾರ್ಥನಾ ಮಂದಿರವನ್ನು ಅದಕ್ಕೆ ಒದಗಿಸಿಕೊಂಡರು. ಡೇನಿಯಲ್ ತೀರಿಕೊಂಡ ಏಳು ವರ್ಷಕ್ಕೆ ಬಾಗಿಲು ತೆರೆಯಿತು. ಅದರ ಹಿಂದಿನ ವರ್ಷ, 1993ರಲ್ಲಿ, ಜಾನ್ ಮತ್ತು ಫ್ರಾನ್ಸೀನ್ ಕ್ಲಿಫರ್ಡ್ ಸಂಪಾದಿಸಿದ 1630ರಿಂದ 1700ರವರೆಗಿನ ಈಮ್ ಚರ್ಚಿನ ದಾಖಲೆಗಳನ್ನು ಡರ್ಬಿಶೈರ್ ರೆಕಾರ್ಡ್ ಸೊಸೈಟಿ ಅಚ್ಚು ಹಾಕಿಸಿತ್ತು. ವಸ್ತುಗಳು ಒಂದು ಸೂರಿನಡಿ ಬರುವ ಹೊತ್ತಿಗೆ ಹೆಸರುಗಳ ಪಟ್ಟಿಯೂ ಎಲ್ಲರ ಕೈಗೆ ಸಿಗುವಂತಾಗಿತ್ತು. ಈ ಎರಡು ಕೆಲಸಗಳು ಹೀಗೆ ಹೆಗಲೆಣೆಯಾಗಿ ಬಂದದ್ದರಿಂದಲೇ ಇಲ್ಲಿನ ಪ್ರದರ್ಶನಕ್ಕೆ ಗಟ್ಟಿ ತಳಪಾಯ ಸಿಕ್ಕಿತು.

ಗೋಡೆಯೊಳಗೂ ಹೊರಗೂ

ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಯುರೋಪನ್ನೆಲ್ಲ ಅಲುಗಾಡಿಸಿದ ಮಹಾಮಾರಿಯ ಕಥೆ. ಅದು ಈಮ್‌ಗೆ ಹೇಗೆ ಬಂತು, ಯಾವ ಮನೆಯಿಂದ ಯಾವ ಮನೆಗೆ ಹಬ್ಬಿತು ಎಂಬ ವಿವರ. ಸತ್ತವರ ಹೆಸರುಗಳು, ಕುಟುಂಬಗಳು ಇಲ್ಲಿ ಕಣ್ಣಿಗೆ ಬೀಳುತ್ತವೆ. ರೋಗ ಬಂದು ಗುಣವಾದ ಮಾರ್ಷಲ್ ಹೋ ಎಂಬಾತ ತನಗೆ ಮತ್ತೆ ಬರಲಾರದೆಂಬ ನಂಬಿಕೆಯಿಂದ ಹೆಣ ಹೂಳುವ ಕೆಲಸಕ್ಕೆ ಇಳಿದ, ಸತ್ತವರ ಮನೆಯ ಸಾಮಾನನ್ನು ಕೂಲಿಯಾಗಿ ಇಟ್ಟುಕೊಂಡ ಎಂಬ ಕಥೆ ಊರಿನಲ್ಲಿದೆ. ಅವನ ಹೆಂಡತಿ ಮತ್ತು ಮಗ ಇಬ್ಬರೂ ಪ್ಲೇಗಿಗೆ ಬಲಿಯಾದರು. ತ್ಯಾಗದ ಕಥೆಗಳ ಪಕ್ಕದಲ್ಲಿ ಇಂಥವನ್ನೂ ಈ ಊರು ಅಳಿಸಿ ಹಾಕಿಲ್ಲ.

ಪ್ಲೇಗ್ ಮುಗಿದಲ್ಲಿಗೆ ಸಂಗ್ರಹಾಲಯ ನಿಲ್ಲುವುದಿಲ್ಲ. ಬದುಕಿ ಉಳಿದವರು ಆಮೇಲೆ ಏನು ಮಾಡಿಕೊಂಡಿದ್ದರು ಎಂಬುದಕ್ಕೂ ಜಾಗ ಕೊಟ್ಟಿದೆ. ಈ ಸೀಮೆಯ ಮುಖ್ಯ ಕಸುಬು ಸೀಸದ ಗಣಿಗಾರಿಕೆ. ಹಳೆಯ ಗಣಿಗಾರರು ಪ್ರಯೋಜನವಿಲ್ಲವೆಂದು ರಾಶಿ ಹಾಕಿದ್ದ ಫ್ಲೋರ್‌ಸ್ಪಾರ್ ಎಂಬ ಖನಿಜಕ್ಕೆ 20ನೇ ಶತಮಾನದ ಉಕ್ಕಿನ ಕಾರ್ಖಾನೆಗಳಿಂದ ಬೇಡಿಕೆ ಬಂತು. ಹಳೆಯ ಗಣಿಗಳಿಗೆ ಮತ್ತೆ ಜೀವ ಬಂತು. ರೇಷ್ಮೆ ನೇಯ್ಗೆಯೂ ಇತ್ತು. ಬಟ್ಟೆಯ ಎರಡೂ ಮೈಯಲ್ಲಿ ಚಿತ್ತಾರ ಮೂಡುವಂತೆ ನೇಯುವ ವಿಧಾನವನ್ನು ಈಮ್‌ನ ರಾಲ್ಫ್ ವೇನ್ ಎಂಬ ನೇಕಾರ 1785ರಲ್ಲಿ ಕಂಡುಹಿಡಿದ. ಆಮೇಲೆ ಬೂಟು, ಚಪ್ಪಲಿ ತಯಾರಿಸುವ ಕಾರ್ಖಾನೆಗಳು ಬಂದವು. 14 ತಿಂಗಳ ಸಾವಿನಿಂದ ಹೆಸರಾದ ಊರು ತನ್ನ ಸಾವಿರ ವರ್ಷದ ದುಡಿಮೆಯನ್ನೂ ಜನರಿಗೆ ತೋರಿಸಬೇಕೆಂದು ಹೊರಟದ್ದು ಈ ಸಂಸ್ಥೆಯ ದೊಡ್ಡ ವಿವೇಕ.

ಇಲ್ಲಿನ ನಿಜವಾದ ವಸ್ತುಗಳು ಅರ್ಧದಷ್ಟು ಕಟ್ಟಡದ ಹೊರಗೇ ಇವೆ. ಮೊದಲು ರೋಗ ಬಿದ್ದ ಮನೆಗಳು ಹಾಗೇ ನಿಂತಿವೆ, ಅವುಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ; ಒಂದೊಂದು ಮನೆಯ ಮುಂದೂ ಅಲ್ಲಿ ಸತ್ತವರ ಹೆಸರು ಬರೆದ ಹಲಗೆಯಿದೆ. ಚರ್ಚಿನ ಅಂಗಳದಲ್ಲಿ ಕ್ಯಾಥರಿನ್ ಮಾಂಪೆಸನ್ ಸಮಾಧಿಯಿದೆ. ಪಕ್ಕದಲ್ಲೇ ಪ್ಲೇಗಿಗಿಂತ ಎಂಟು ನೂರಕ್ಕೂ ಹೆಚ್ಚು ವರ್ಷ ಹಳೆಯದಾದ ಸ್ಯಾಕ್ಸನ್ ಕಾಲದ ಕಲ್ಲಿನ ಶಿಲುಬೆಯಿದೆ. ಹ್ಯಾನ್‌ಕಾಕ್ ಕುಟುಂಬದ ಸಮಾಧಿಗಳು ರೈಲಿ ಹೊಲದ ನಡುವೆ ಸುತ್ತುಗೋಡೆಯೊಳಗಿವೆ. ಅವುಗಳ ಪಾಲನೆ ನ್ಯಾಷನಲ್ ಟ್ರಸ್ಟ್‌ನದು. ಸಂಗ್ರಹಾಲಯದಲ್ಲಿ ಕಥೆ ತಿಳಿದ ಮಕ್ಕಳು ಅಲ್ಲಿಂದ ಹೊರಟು ಈ ಜಾಗಗಳಿಗೆಲ್ಲ ನಡೆದೇ ಹೋಗಬಹುದು.

ಅಭಿಮಾನದ ಕಥೆಗೂ ಪರೀಕ್ಷೆ

ಸ್ಥಳೀಯ ಇತಿಹಾಸ ಬರೆಯುವವರಿಗೆ ಎದುರಾಗುವ ಕಷ್ಟವೆಂದರೆ ಊರಿನ ಅಭಿಮಾನ. ಈಮ್‌ನ ಕಥೆ ತ್ಯಾಗದ ಕಥೆಯಾಗಿ ಲೋಕಪ್ರಸಿದ್ಧವಾಯಿತು. ನಾಟಕ, ಕಾದಂಬರಿಗಳು ಅದರಿಂದ ಹುಟ್ಟಿದವು. ಆದರೆ ದಾಖಲೆಯ ಪುಸ್ತಕ ಕೈಯಲ್ಲಿದ್ದವರು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕಾಯಿತು.

ಎಮಟ್ ಸಿಡಲ್ ಎಂಬ ಹುಡುಗಿಯ ಕಥೆಯನ್ನೇ ನೋಡಬಹುದು. ಅವಳ ಪ್ರಿಯತಮ ರೋಲಂಡ್ ಟೋರ್ ನೆರೆಯೂರಿನವನು. ಇಬ್ಬರೂ ಕಣಿವೆಯ ಎರಡು ಕಡೆ ನಿಂತು ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡಿ ಹೋಗುತ್ತಿದ್ದರಂತೆ. ಒಂದು ದಿನ ಅವಳು ಬರಲಿಲ್ಲ. ಊರಿನ ಗಡಿ ತೆರೆದ ಮೇಲೆ ಓಡಿ ಬಂದ ಅವನಿಗೆ ಸಿಕ್ಕಿದ್ದು ಬರಿದಾದ ಮನೆ. ದಾಖಲೆಯ ಪ್ರಕಾರ ಎಮಟ್ ಸತ್ತದ್ದು 1666ರ ಏಪ್ರಿಲ್ ಕೊನೆಯಲ್ಲಿ. ಊರು ಗಡಿ ಹಾಕಿಕೊಂಡದ್ದು ಜೂನ್‌ನಲ್ಲಿ. ಅಂದರೆ ಆ ಇಬ್ಬರು ದೂರ ನಿಂತಿದ್ದರೆ ಅದು ಯಾವ ಕಟ್ಟಳೆಯಿಂದಲೂ ಅಲ್ಲ, ತಾವಾಗಿಯೇ. ತಾರೀಕುಗಳನ್ನು ಪಕ್ಕಪಕ್ಕ ಇಟ್ಟಾಗ ಕಥೆಯ ಬೆಲೆ ಕಡಿಮೆಯಾಗಲಿಲ್ಲ, ಅರ್ಥ ಇನ್ನಷ್ಟು ಆಳಕ್ಕಿಳಿಯಿತು.

ಹಾಗೆಯೇ, ಗಡಿ ಹಾಕುವ ಮುಂಚೆ ಕೆಲವು ಉಳ್ಳವರು ಊರು ಬಿಟ್ಟಿದ್ದರು. ಮಾಂಪೆಸನ್ ಕೂಡ ತನ್ನ ಇಬ್ಬರು ಮಕ್ಕಳನ್ನು ಹೊರಗೆ ಕಳಿಸಿದ್ದ. ಊರಿನ ಜನಸಂಖ್ಯೆ 350 ಇತ್ತು, ಉಳಿದವರು 83 ಮಂದಿ ಮಾತ್ರ ಎಂಬ ಹಳೆಯ ಲೆಕ್ಕವೂ ಬದಲಾಗಿದೆ. ಚರ್ಚಿನ ದಾಖಲೆಯ ಜೊತೆಗೆ ಒಲೆಯೊಂದಕ್ಕೆ ಇಂತಿಷ್ಟು ಎಂದು ವಸೂಲಿ ಮಾಡುತ್ತಿದ್ದ ತೆರಿಗೆಯ ಪಟ್ಟಿಯನ್ನು ಇಟ್ಟು ನೋಡಿದ ಸಂಶೋಧಕರು ಆಗ ಸುಮಾರು 700 ಜನರಿದ್ದಿರಬೇಕೆಂದು ಎಣಿಸಿದ್ದಾರೆ. 2016ರಲ್ಲಿ ಲಿಲಿತ್ ವಿಟಲ್ಸ್ ಮತ್ತು ಕ್ಸೇವಿಯರ್ ಡಿಡೆಲೊ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದೊಂದು ಮನೆಯಲ್ಲಿ ಯಾರು ಯಾವ ದಿನ ಸತ್ತರು ಎಂಬುದನ್ನೇ ಹಿಡಿದು ಲೆಕ್ಕ ಹಾಕಿದಾಗ, ಸೋಂಕಿನ ಸುಮಾರು ಮುಕ್ಕಾಲು ಪಾಲು ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದೆಂದೂ ಇಲಿಗಳ ಮೂಲಕ ನೇರವಾಗಿ ಬಂದದ್ದು ಉಳಿದ ಕಾಲು ಪಾಲೆಂದೂ ಕಂಡಿತು. ಮಕ್ಕಳಿಗೂ ಬಡವರಿಗೂ ಅಪಾಯ ಹೆಚ್ಚಿತ್ತು. 17ನೇ ಶತಮಾನದಲ್ಲಿ ಬರೆದಿಟ್ಟ ಹೆಸರುಗಳು 21ನೇ ಶತಮಾನದ ಗಣಿತಕ್ಕೆ ಕೆಲಸ ಕೊಟ್ಟವು. ಹೆಸರು, ಮನೆ, ತಾರೀಕುಗಳಿಲ್ಲದೆ ಬರೀ ಮೊತ್ತ ಉಳಿದಿದ್ದರೆ ಇದೊಂದೂ ಸಾಧ್ಯವಾಗುತ್ತಿರಲಿಲ್ಲ.

ಬಟ್ಟೆಯ ಗಂಟಿನ ಗುಟ್ಟು ಬಿಡಿಸಿದ ವಿಜ್ಞಾನ ಭಾರತದ ನೆಲದಿಂದ ಹೋದದ್ದು ಎಂಬುದನ್ನು ಕನ್ನಡ ಓದುಗರು ಗಮನಿಸಬೇಕು. 1894ರಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ರೋಗಾಣುವನ್ನು ಗುರುತಿಸಿದ. ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಚಿಗಟದ ಮೂಲಕ ಎಂಬುದನ್ನು 1898ರಲ್ಲಿ ಪಾಲ್-ಲೂಯಿ ಸಿಮೊಂಡ್ ಕಂಡುಕೊಂಡದ್ದು ಆಗ ಭಾರತಕ್ಕೇ ಸೇರಿದ್ದ ಕರಾಚಿಯಲ್ಲಿ. ಮುಂದಿನ ದಶಕದಲ್ಲಿ ಮುಂಬಯಿಯ ಪ್ರಯೋಗಗಳು ಅದನ್ನು ಗಟ್ಟಿ ಮಾಡಿದವು. ವಿಲಿಯಂ ವುಡ್‌ಗೆ ಬಟ್ಟೆ ಬಂದದ್ದು ಗೊತ್ತಿತ್ತು, ಅದರೊಳಗೆ ಚಿಗಟ ಇದ್ದಿರಬಹುದೆಂದು ಗೊತ್ತಿರಲಿಲ್ಲ. ಈಮ್‌ನ ಕಟ್ಟಡದ ಮೇಲೆ ಇಲಿ ಏರಿದ್ದಕ್ಕೆ ಹಿಂದಿರುವ ತಿಳಿವಳಿಕೆ ನಮ್ಮ ನಾಡುಗಳಲ್ಲಿ ಲಕ್ಷಾಂತರ ಜನ ಸತ್ತ ಮಾರಿಯ ಮಧ್ಯೆ ದೊರೆತದ್ದು.

ಅದೇ 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂದಿತ್ತು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಬಿದ್ದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂಬ ಮಾತು ಕೇಳಿದರೆ ಸಾಕು, ಪಾತ್ರೆಪಗಡಿ ಕಟ್ಟಿಕೊಂಡು ಊರಾಚೆಯ ಹೊಲ, ತೋಪುಗಳಲ್ಲಿ ಗುಡಿಸಲು, ಶೆಡ್ಡು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಈಮ್‌ನವರು ಊರೊಳಗೆ ಉಳಿದು ರೋಗಕ್ಕೆ ಗಡಿ ಹಾಕಿದರೆ, ನಮ್ಮವರು ಊರನ್ನೇ ರೋಗಕ್ಕೆ ಬಿಟ್ಟು ಹೊರಗೆ ಹೋದರು. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ, ಭೈರಪ್ಪನವರ ‘ಗೃಹಭಂಗ’ದಲ್ಲಿ ಆ ಕಾಲದ ಭಯವನ್ನು ನಾವು ಓದಿದ್ದೇವೆ. ಪ್ಲೇಗಮ್ಮನ ಗುಡಿಗಳಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಆದರೆ ಯಾವ ಊರಿನಲ್ಲಿ ಯಾರು ಯಾರು ಹೋದರು, ಶೆಡ್ಡು ಹಾಕಿದ ಜಾಗ ಯಾವುದು, ಮೊದಲು ಇಲಿ ಬಿದ್ದ ಮನೆ ಯಾರದು ಎಂದು ಹೆಸರು ಹಿಡಿದು ಹೇಳುವವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

2020ರಲ್ಲಿ ಕೊರೊನಾ ಬಂದು ಜಗತ್ತೆಲ್ಲ ಬಾಗಿಲು ಹಾಕಿಕೊಂಡಾಗ ಹಲವು ದೇಶಗಳ ಪತ್ರಿಕೆಗಳು ಈಮ್‌ನತ್ತ ತಿರುಗಿದವು. ಒಂದು ಊರು ತಾನಾಗಿ ತನಗೆ ದಿಗ್ಬಂಧನ ಹಾಕಿಕೊಂಡಾಗ ಏನಾಗುತ್ತದೆ ಎಂದು ಎಲ್ಲರಿಗೂ ತಿಳಿಯಬೇಕಿತ್ತು. ಉತ್ತರ ಸಿದ್ಧವಿತ್ತು. ಚರ್ಚಿನ ಪುಸ್ತಕ ನಕಲು ಮಾಡಿದವರು, ಪುಸ್ತಕ ಬರೆದ ವುಡ್, ಕಲ್ಲು ಕಾಗದ ಕೂಡಿಟ್ಟ ಡೇನಿಯಲ್, ದಾಖಲೆ ಸಂಪಾದಿಸಿದ ಕ್ಲಿಫರ್ಡ್ ದಂಪತಿ, ಹೆಸರು ಬೇಡದೆ ಬಾಗಿಲು ತೆರೆದು ಕೂತ ಸ್ವಯಂಸೇವಕರು ಅದನ್ನು ಸಿದ್ಧ ಮಾಡಿಟ್ಟಿದ್ದರು.

ಇದನ್ನು ಓದುವವರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಈ ತಿಂಗಳೇ ಒಂದು ಸಂಜೆ ಅವರ ಬಳಿ ಕೂತು, ಪ್ಲೇಗಿನ ಕಾಲದ ಬಗ್ಗೆ ಅವರ ಅಜ್ಜ ಅಜ್ಜಿಯರಿಂದ ಕೇಳಿದ್ದನ್ನು ಬರೆದುಕೊಳ್ಳಿ. ಶೆಡ್ಡು ಹಾಕಿದ ಹೊಲ ಯಾವುದೆಂದು ಕೇಳಿ, ಹೋಗಿ ನೋಡಿ ಬನ್ನಿ. ಸತ್ತವರ ಹೆಸರು ನೆನಪಿದ್ದರೆ ಅದನ್ನು ಮನೆತನದ ಸಮೇತ ಬರೆಯಿರಿ. ಹೇಳಿದವರ ಹೆಸರು, ಬರೆದ ತಾರೀಕು ಕೆಳಗೆ ಹಾಕಿ. ಒಂದು ಪ್ರತಿ ಊರಿನ ಶಾಲೆಯಲ್ಲಿ, ಇನ್ನೊಂದು ಹತ್ತಿರದ ಗ್ರಂಥಾಲಯದಲ್ಲಿ ಇರಲಿ.